ಅರವತ್ತು ಸೇರಿನ ಹಾಸಿಗೆ

ಚಾಮರಾಜಪೇಟೆಯ ನಂಜಪ್ಪ ಮೇಷ್ಟ್ರಿಗೆ ಅನುಮಾನವೆಂಬುದು ಹುಟ್ಟಿನಿಂದ ಬಂದ ಗುಣವಲ್ಲ. ಅದನ್ನವರು ಕಷ್ಟಪಟ್ಟು ಸಂಪಾದಿಸಿದ್ದರು. ಇಪ್ಪತ್ತೆರಡು ವರ್ಷ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮನುಷ್ಯ. ಹುಡುಗ ತಪ್ಪು ಉತ್ತರ ಬರೆದರೆ ಸುಮ್ಮನೆ ತಿದ್ದುತ್ತಿದ್ದರು; ಸರಿ ಉತ್ತರ ಬರೆದರೆ ಮಾತ್ರ ಬೆಂಚಿನ ಮೇಲೆ ನಿಲ್ಲಿಸಿ, "ಯಾರದ್ದು ನೋಡಿ ಬರೆದೆ?" ಎಂದು ಕೇಳುತ್ತಿದ್ದರು. ಹಾಲಿನವನು ಬೆಳಿಗ್ಗೆ ನಗುತ್ತಾ ಬಂದರೆ ಇವತ್ತು ನೀರು ಜಾಸ್ತಿ ಎಂದೇ ಅರ್ಥ. ಇಂಥವರ ಮನೆಗೆ ಅಚ್ಚು ಹಾಕಿಸಿದ ಆಹ್ವಾನಪತ್ರಿಕೆ ಬಂದರೆ ಏನಾಗಬೇಡ, ನೀವೇ ಹೇಳಿ!

ಬಂದದ್ದು ನಲವತ್ತಾರನೆಯ ಇಸವಿಯ ಮಾಘಮಾಸದ ಒಂದು ಗುರುವಾರ. ಅವರ ಬೀದಿಯ ಕೊನೆಯಲ್ಲಿ 'ವಿಜ್ಞಾನ ಸಂಶೋಧನಾ ಮಂದಿರ' ಎಂಬ ಬೋರ್ಡು ಹೊತ್ತ ಹಳೇ ಬಂಗಲೆಯೊಂದಿತ್ತು. ಒಳಗೆ ಏನು ನಡೆಯುತ್ತದೆಂದು ಬೀದಿಯವರಿಗೆ ಗೊತ್ತಿರಲಿಲ್ಲ. ಕಿಟಕಿಯಲ್ಲಿ ಗಾಜಿನ ಶೀಷೆಗಳು ಕಾಣುತ್ತಿದ್ದವು, ಅಷ್ಟೇ. ಆ ಮಂದಿರದವರು ಸಾರ್ವಜನಿಕರಿಗಾಗಿ ಮೂರು ದಿನದ ಉಪನ್ಯಾಸ ಇಟ್ಟುಕೊಂಡಿದ್ದರು. ಶುಕ್ರವಾರ ಸಂಜೆ: 'ಮುಚ್ಚಿದ್ದರ ಒಳಗೂ ನೋಡಬಹುದೆ? ಎಕ್ಸ್‌ರೇ ಕಿರಣಗಳ ಮಹಿಮೆ.' ಶನಿವಾರ: ಗಮಕ ವಾಚನ. ಭಾನುವಾರ: 'ಅಕ್ಕಿಯ ಶತ್ರುಗಳು', ನಂತರ ವೀಣಾವಾದನ, ಅಧ್ಯಕ್ಷತೆ ಪಡಿತರ ಅಧಿಕಾರಿ ಶ್ರೀ ರಾಮಾಂಜಿನಪ್ಪನವರು. ಕೆಳಗೆ ಶಾಯಿಯಲ್ಲಿ ಯಾರೋ ಕೈಯಾರೆ ಬರೆದಿದ್ದರು: 'ತಾವು ತಪ್ಪದೆ ಬರಬೇಕು. ತಮ್ಮಿಂದ ಒಂದು ಸಹಾಯವಾಗಬೇಕಾಗಿದೆ. ನಾನೇ ಮನೆಗೆ ಬಂದು ಕಾಣುತ್ತೇನೆ. ಚಕ್ರಪಾಣಿ, ಕಾರ್ಯದರ್ಶಿ.'

ನಂಜಪ್ಪ ಕಾಗದವನ್ನು ಮೂರು ಸಲ ಓದಿ, ಬಾಗಿಲು ಹಾಕಿ, ಅಗುಳಿ ಇಟ್ಟು, ಹೆಂಡತಿಯನ್ನು ಕರೆದರು.

"ಶೈಲಾ, ನಮ್ಮ ಕಥೆ ಮುಗೀತು ಕಣೇ."

"ಯಾಕೆ, ಯಾರು ಹೋದ್ರು?" ಎಂದು ಶೈಲಜಮ್ಮ ಓಡಿಬಂದರು.

"ಇನ್ನೂ ಯಾರೂ ಹೋಗಿಲ್ಲ. ನಾನು ಹೋಗೋದು ಬಾಕಿ. ಹನ್ನೊಂದು ವರ್ಷ ಈ ಬೀದೀಲಿದೀವಿ, ಒಂದು ದಿನ ಕರೆದವರಲ್ಲ. ಈಗ ಕರೀತಾರೆ. ಮುಚ್ಚಿದ್ದರ ಒಳಗೆ ನೋಡೋದಂತೆ! ಅಕ್ಕಿಯಂತೆ! ರೇಷನ್ ಅಧಿಕಾರಿಯಂತೆ! ಇನ್ನು ನನ್ನ ಹೆಸರು ಅಚ್ಚು ಹಾಕಿಸೋದೊಂದು ಬಾಕಿ!"

ಶೈಲಜಮ್ಮ ನಡುಮನೆಯ ಮೂಲೆಯ ಕಡೆ ನೋಡಿದರು. ಅಲ್ಲಿ ಕೆಂಪು ಗೀಟಿನ ಎರಡು ಹೊಸ ಹಾಸಿಗೆಗಳು ಒಂದರ ಮೇಲೊಂದು ಮಲಗಿದ್ದವು.

ಇಲ್ಲಿ ಸ್ವಲ್ಪ ಗುಟ್ಟು ಬಿಟ್ಟುಕೊಡಬೇಕು. ಅದು ಪಡಿತರದ ಕಾಲ. ಕಾರ್ಡು ತೋರಿಸಿದರೆ ತಲೆಗೆ ಇಷ್ಟು ಎಂದು ಅಳೆದು ಕೊಡುತ್ತಿದ್ದರು, ಅದರಲ್ಲೂ ಅಕ್ಕಿ ಕಮ್ಮಿ, ಜೋಳ ಜಾಸ್ತಿ. ಮದುವೆ ಊಟಕ್ಕೆ ಇಷ್ಟೇ ಜನ ಕೂರಬೇಕೆಂದು ಕಟ್ಟಳೆ ಬೇರೆ. ಲೆಕ್ಕ ಮೀರಿದ ಅಕ್ಕಿ ಮನೆಯಲ್ಲಿ ಸಿಕ್ಕಿದರೆ ಅಕ್ಕಿಯೂ ಹೋಯಿತು, ಮೇಷ್ಟ್ರ ಕೆಲಸವೂ ಹೋಯಿತು. ನಂಜಪ್ಪನವರ ಒಬ್ಬಳೇ ಮಗಳು ಮಹಾನಂದಳ ಮದುವೆ ಫಾಲ್ಗುಣದಲ್ಲಿ ಗೊತ್ತಾಗಿತ್ತು. ತುಮಕೂರಿನ ಬೀಗರು ದೊಡ್ಡ ಮನಸ್ಸಿನವರು. ಚಿನ್ನ ಕೇಳಲಿಲ್ಲ, ಬೆಳ್ಳಿ ಕೇಳಲಿಲ್ಲ. "ನಮ್ಮ ಕಡೆಯೋರು ಎರಡು ವರ್ಷದಿಂದ ಜೋಳ ತಿಂದು ತಿಂದು ಸೋತೋಗಿದಾರೆ. ಬಂದೋರಿಗೆಲ್ಲ ಹೊಟ್ಟೆತುಂಬಾ ಅಕ್ಕಿ ಅನ್ನ ಹಾಕಿಬಿಡಿ, ಇನ್ನೇನೂ ಬೇಡ" ಎಂದಿದ್ದರು. ನಂಜಪ್ಪ "ಅದಕ್ಕೇನಂತೆ" ಎಂದು ಹೇಳಿ ಬಂದು, ಮನೆಯಲ್ಲಿ ಮೂರು ದಿನ ಮಲಗಿಬಿಟ್ಟಿದ್ದರು.

ಕಾಪಾಡಿದವನು ಶೈಲಜಮ್ಮನ ಅಣ್ಣ ವೃಷಭೇಂದ್ರಪ್ಪ. ಅವನಿಗೆ ಮಾಮೂಲ್‌ಪೇಟೆಯಲ್ಲಿ ಹತ್ತಿ, ಹಾಸಿಗೆಯ ಅಂಗಡಿ. ಯಾವುದೋ ಹಳ್ಳಿಯಿಂದ ಸಣ್ಣಕ್ಕಿ ತರಿಸಿ, ಮೇಲೆ ನಾಲ್ಕು ಬೆರಳು ಹತ್ತಿ, ಕೆಳಗೆ ನಾಲ್ಕು ಬೆರಳು ಹತ್ತಿ, ನಡುವೆ ಪಟ್ಟಿಪಟ್ಟಿಯಾಗಿ ಹೊಲಿಸಿ, ಒಂದೊಂದು ಹಾಸಿಗೆಗೆ ಅರವತ್ತು ಸೇರು ತುಂಬಿಸಿ ಹಾಡಹಗಲೇ ಗಾಡಿಯಲ್ಲಿ ತಂದಿಳಿಸಿದ್ದ. ಮದುವೆ ಮನೆಗೆ ಹೊಸ ಹಾಸಿಗೆ ಬಂದರೆ ಯಾರು ಏನನ್ನುತ್ತಾರೆ?

ಈಗ ನಂಜಪ್ಪ ಕಾಗದ ಹಿಡಿದು ಮಾಮೂಲ್‌ಪೇಟೆಗೆ ಓಡಿದರು. ವೃಷಭೇಂದ್ರಪ್ಪ ಓದಿ ಗಲ್ಲ ಕೆರೆದುಕೊಂಡ.

"ಭಾವ, ಹೋಗದೆ ಇದ್ರೆ ಅನುಮಾನ ಬರುತ್ತೆ."

"ಹೋದ್ರೆ?"

"ಹೋದ್ರೂ ಬರುತ್ತೆ. ಆದ್ರೆ ಹೋದ್ರೆ ಅವರಿಗೆ ಎಷ್ಟು ಗೊತ್ತು ಅಂತ ನಿಮಗೆ ಗೊತ್ತಾಗುತ್ತೆ. ಬಾಯಿ ಮಾತ್ರ ಬಿಡಬೇಡಿ."

ಶುಕ್ರವಾರ ಸಂಜೆ ನಂಜಪ್ಪ ಬಾಯಿ ಬಿಡಬಾರದೆಂದು ಶಪಥ ಮಾಡಿಯೇ ಹೋಗಿ ಮೂರನೆಯ ಸಾಲಿನಲ್ಲಿ ಕೂತರು. ಪಕ್ಕಕ್ಕೆ ಬಂದು ಕೂತವರು ಗೋಡೆಯಾಚೆ ಮನೆಯ ಶೀನಣ್ಣ, ರಿಟೈರಾದ ಪೋಸ್ಟ್‌ಮಾಸ್ಟರು. ಮೂವತ್ತು ವರ್ಷ ಬೇರೆಯವರ ಕಾಗದಗಳ ನಡುವೆ ಇದ್ದು ಬೇರೆಯವರ ವಿಷಯವೆಂದರೆ ಕಿವಿ ನೆಟ್ಟಗಾಗುವ ಮನುಷ್ಯ. ವೇದಿಕೆಯ ಮೇಲೆ ಕಾರ್ಯದರ್ಶಿ ಚಕ್ರಪಾಣಿ ನಿಂತಿದ್ದ. ದಪ್ಪ ಕನ್ನಡಕದ ತೆಳ್ಳನೆಯ ವಿಜ್ಞಾನಿ, ಮಾತಾಡುವಾಗ ಹಿಮ್ಮಡಿ ಎತ್ತಿ ಎತ್ತಿ ನಿಲ್ಲುತ್ತಿದ್ದ. ಚರ್ಮದ ಚೀಲದೊಳಗಿನ ಕೀಲಿಕೈ ಪರದೆಯ ಮೇಲೆ ಮೂಡಿದಾಗ ಸಭೆ ಚಪ್ಪಾಳೆ ತಟ್ಟಿತು. ನಂಜಪ್ಪನವರಿಗೆ ಬೆವರಿತು.

"ಯಾರಿಗಾದ್ರೂ ಪ್ರಶ್ನೆ ಇದೆಯಾ?" ಎಂದ ಚಕ್ರಪಾಣಿ.

ನಂಜಪ್ಪ ಎದ್ದು ನಿಂತಿದ್ದರು. ಹೇಗೆ ಎದ್ದರೋ ಅವರಿಗೇ ತಿಳಿಯದು.

"ಸ್ವಾಮಿ, ಈ ಕಿರಣ ಹತ್ತಿಯೊಳಗೆ ಹೋಗುತ್ತೋ?"

"ಹತ್ತಿ ಯಾವ ಲೆಕ್ಕ ಸಾರ್!"

"ನಾಲ್ಕು ಬೆರಳು ದಪ್ಪ ಇದ್ರೆ?"

"ನಾಲ್ಕು ಮೊಳ ಇರಲಿ."

"ಮೇಲೆ ನಾಲ್ಕು, ಕೆಳಗೆ ನಾಲ್ಕು ಇದ್ರೆ?"

ಚಕ್ರಪಾಣಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದ. "ಮಧ್ಯೆ ಏನಿರುತ್ತೆ?"

"ಮಧ್ಯೆ ಏನೂ ಇಲ್ಲ!" ನಂಜಪ್ಪನವರ ದನಿ ಕೀರಲಾಯಿತು. "ಮಧ್ಯೆ ಏನಾದ್ರೂ ಇದೆ ಅಂತ ನಾನಂದ್ನಾ? ಮಧ್ಯೆ ಏನಿರುತ್ತೆ ಅಂತ ನೀವ್ಯಾಕೆ ಕೇಳ್ತೀರಿ?"

ಇಡೀ ಸಭೆ ತಿರುಗಿ ನೋಡಿತು. ಶೀನಣ್ಣ ಅವರ ಪಂಚೆಯ ಚುಂಗು ಹಿಡಿದು ಕೂರಿಸಿ, ಕಿವಿಯ ಹತ್ತಿರ ಬಂದು, "ಮೇಷ್ಟ್ರೇ, ಮೈಗೆ ಹುಷಾರಿಲ್ವಾ?" ಎಂದರು. ಹಾಗೆ ಕೇಳಿದ ರೀತಿಯೇ ನಂಜಪ್ಪನವರಿಗೆ ಅನುಮಾನ ಹುಟ್ಟಿಸಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಚಕ್ರಪಾಣಿ ಮನೆಯ ಬಾಗಿಲಿನಲ್ಲಿದ್ದ. ಹಿಂದೆ ಶೀನಣ್ಣ, ಅವರ ಹಿಂದೆ ಎದುರು ಮನೆಯ ಭಾಗೀರಥಮ್ಮ. ಆಕೆಗೆ ಈ ಮನೆಯಲ್ಲಿ ಏನೂ ಕೆಲಸವಿರಲಿಲ್ಲ, ಅದಕ್ಕೇ ಬಂದಿದ್ದರು.

"ಮೇಷ್ಟ್ರೇ, ನಿಮ್ಮ ಮನೇಲಿ ಹೊಸದು ಎರಡು ಇದೆ ಅಂತ ಶೀನಣ್ಣೋರು ಹೇಳಿದ್ರು."

ನಂಜಪ್ಪ ಗೋಡೆ ಹಿಡಿದುಕೊಂಡರು. "ಮಗಳ ಮದುವೆಗೆ ಅಂತ ಇಟ್ಟಿದ್ದು ಸ್ವಾಮಿ. ಮಾರೋಕೆ ಅಲ್ಲ, ಶಿವನಾಣೆ!"

"ಗೊತ್ತು, ಗೊತ್ತು. ನಾಳೆ ಒಂದು ಸಂಜೆ ಮಟ್ಟಿಗೆ ಅಷ್ಟೇ. ಅಧಿಕಾರಿಗಳು ಬರ್ತಿದಾರಲ್ಲ, ಅವರಿಗೆ."

'ಓಹೋ, ಹಿಡಿದುಕೊಡುವುದಕ್ಕಲ್ಲ, ಪಾಲು ಕೇಳುವುದಕ್ಕೆ ಬಂದಿದ್ದಾನೆ' ಎಂದು ನಂಜಪ್ಪನವರಿಗೆ ಹೋದ ಜೀವ ಬಂದಂತಾಯಿತು. ದನಿ ತಗ್ಗಿಸಿ, "ಅಧಿಕಾರಿಗಳಿಗೆ ಎಷ್ಟಾದ್ರೆ ಸಾಕು? ಒಂದರಲ್ಲಿ ಅರ್ಧ?" ಎಂದರು.

"ಅರ್ಧ ಹೇಗಾಗುತ್ತೆ ಮೇಷ್ಟ್ರೇ? ಅವರು ದಪ್ಪಗಿದಾರೆ. ಪೂರ್ತಿ ಒಂದು ಬೇಕು. ಇನ್ನೊಂದು ವೀಣೆಯವರಿಗೆ."

"ವೀಣೆಯವರಿಗೂ ಪಾಲಾ!"

"ಅವರನ್ನ ಬರೀ ಜಮಖಾನದ ಮೇಲೆ ಕೂರಿಸೋಕಾಗುತ್ತಾ?"

ಆಗ ನಂಜಪ್ಪನವರಿಗೆ ಬೆಳಕಾಯಿತು: ಇವನು ಕೇಳುತ್ತಿರುವುದು ಅಕ್ಕಿಯನ್ನಲ್ಲ, ಹಾಸಿಗೆಯನ್ನು! ನಮ್ಮ ಪೇಟೆಗಳಲ್ಲಿ ಸಂಗೀತ ಕಚೇರಿ, ಭಾಷಣ ಏನೇ ಇದ್ದರೂ ಜಮಖಾನ ಒಬ್ಬರ ಮನೆಯದು, ಒರಗುವ ಲೋಡು ಇನ್ನೊಬ್ಬರ ಮನೆಯದು, ವೇದಿಕೆಗೆ ಹಾಸಿಗೆ ಯಾರ ಮನೆಯಲ್ಲಿ ಹೊಸದಿದೆಯೋ ಅವರದು. ಇಲ್ಲವೆಂದವರನ್ನು ಬೀದಿ ಆರು ತಿಂಗಳು ಆಡಿಕೊಳ್ಳುತ್ತದೆ. ಈ ಪದ್ಧತಿ ಗೊತ್ತಿದ್ದೂ ನಂಜಪ್ಪ ಮರೆತಿದ್ದರು. ಬೆಳಕಾದ ಮೇಲೆ ಮೊದಲಿಗಿಂತ ಹೆಚ್ಚು ಹೆದರಿಕೆಯಾಯಿತು. ಅಕ್ಕಿಯ ಮೇಲೆ ಅಕ್ಕಿಯ ಅಧಿಕಾರಿ!

"ಇಲ್ಲ ಸ್ವಾಮಿ, ಮದುಮಕ್ಕಳೇ ಮೊದಲು ಅದರ ಮೇಲೆ ಮಲಗಬೇಕು. ನಮ್ಮಲ್ಲಿ ಪದ್ಧತಿ."

"ಅಧಿಕಾರಿಗಳು ಮಲಗೋಲ್ಲ, ಕೂರ್ತಾರೆ" ಎಂದ ಚಕ್ರಪಾಣಿ.

"ಅದೇನು ಮೇಷ್ಟ್ರೇ, ಒಂದು ಹಾಸಿಗೆಗೆ ಇಷ್ಟು?" ಎಂದರು ಶೀನಣ್ಣ. ಭಾಗೀರಥಮ್ಮ ಆಗಲೇ ಮೂಲೆಯ ಕಡೆ ಎರಡು ಹೆಜ್ಜೆ ಹಾಕಿದ್ದರು. ನಂಜಪ್ಪ ದಾರಿ ತೋಚದೆ ಬಾಯಿಗೆ ಬಂದದ್ದು ಹೇಳಿಬಿಟ್ಟರು: "ತಿಗಣೆ ಇದೆ!"

ಭಾಗೀರಥಮ್ಮ ಹಿಂದೆ ಜಿಗಿದರು. ಶೀನಣ್ಣ ಕಾಲು ಎತ್ತಿಕೊಂಡರು. ಚಕ್ರಪಾಣಿಯ ಮುಖ ಮಾತ್ರ ಹಬ್ಬದ ದಿನದಂತೆ ಅರಳಿತು. ಎಕ್ಸ್‌ರೇ ಅವನಿಗೆ ಹೊಟ್ಟೆಪಾಡು. ಪ್ರಾಣವೆಲ್ಲ ಹುಳಗಳ ಮೇಲೆ.

"ಹೊಸ ಹಾಸಿಗೇಲಿ ತಿಗಣೆಯಾ? ಯಾರೂ ಇನ್ನೂ ಮಲಗದೇ ಇರೋದ್ರಲ್ಲಿ? ರಕ್ತ ಇಲ್ಲದೆ ಬದುಕಿದಾವಾ? ಮೇಷ್ಟ್ರೇ, ಇದು ಶೋಧನೆ! ಈಗಲೇ ಬಿಚ್ಚಿ ನೋಡೋಣ. ಅಮ್ಮ, ಒಂದು ಕತ್ತರಿ ಕೊಡಿ!"

"ಬೇಡ, ಬೇಡ!" ನಂಜಪ್ಪ ಹಾಸಿಗೆಯ ಮೇಲೆ ಅಡ್ಡ ಬಿದ್ದರು. "ತಿಗಣೆ ಇಲ್ಲ! ತಮಾಷೆಗೆ ಅಂದೆ! ತಗೊಂಡು ಹೋಗಿ, ಎರಡೂ ತಗೊಂಡು ಹೋಗಿ! ಕತ್ತರಿ ಮಾತ್ರ ಮುಟ್ಟಬೇಡಿ!"

ಹೀಗೆ ಬಿಚ್ಚಿಸುವ ಬದಲು ಕೊಡುವುದೇ ವಾಸಿ ಎಂದಾಯಿತು. ಭಾನುವಾರ ಮಧ್ಯಾಹ್ನ ಸಂಶೋಧನಾ ಮಂದಿರದ ಆಳುಗಳು ಇಬ್ಬರು ಬಂದು ಎತ್ತಲು ನೋಡಿದರು. ಹಾಸಿಗೆ ಅಲುಗಲಿಲ್ಲ. ಇನ್ನಿಬ್ಬರು ಬಂದರು. ನಾಲ್ವರೂ ಸೇರಿ "ಹೈಸ್ಸಾ" ಎಂದು ಎತ್ತಿದಾಗ ಬೀದಿಯ ಬಾಗಿಲುಗಳೆಲ್ಲ ತೆರೆದವು.

"ಇದೇನ್ರೀ, ಹತ್ತಿನಾ ಕಲ್ಲಾ?" ಎಂದರು ಶೀನಣ್ಣ.

"ಮಾಮೂಲ್‌ಪೇಟೆ ಹತ್ತಿ. ಒತ್ತಿ ತುಂಬಿದಾರೆ. ಸೊಂಟಕ್ಕೆ ಒಳ್ಳೇದು" ಎಂದು ಹೇಳಿ, ನಂಜಪ್ಪ ಹಾಸಿಗೆಯ ಹಿಂದೆಯೇ ನಡೆದರು. ಹೆಣದ ಹಿಂದೆ ಹೋಗುವವರ ಹಾಗೆ ನಡೆದರು ಎಂದು ಭಾಗೀರಥಮ್ಮ ಆಮೇಲೆ ಹತ್ತು ಮನೆಗಳಲ್ಲಿ ಹೇಳಿದರು.

ಸಂಜೆ ಸಭೆ ಕಿಕ್ಕಿರಿದಿತ್ತು. ವೇದಿಕೆಯ ಮೇಲೆ ಎರಡು ಹಾಸಿಗೆ, ಮೇಲೆ ಬಿಳಿ ಬಟ್ಟೆ. ರಾಮಾಂಜಿನಪ್ಪನವರು ಬಂದರು: ಜರಿಪೇಟ, ಬಿಳಿ ಕೋಟು, ಗಂಭೀರ ಮುಖ. ಅವರು ನಡೆದು ಬಂದ ಕಡೆಯಲ್ಲೆಲ್ಲ ಜನ ಮಾತು ನಿಲ್ಲಿಸಿದರು. ಗೃಹಸ್ಥರು ಸೂರು ನೋಡಿದರು, ಹೆಂಗಸರು ಸೆರಗು ನೋಡಿದರು. ಯಾರ ಮನೆಯಲ್ಲಿ ಏನಿತ್ತೋ ಶಿವನೇ ಬಲ್ಲ!

ಅಧಿಕಾರಿಗಳು ಹಾಸಿಗೆಯ ಮೇಲೆ ಕೂತರು. 'ಕರಕರ' ಎಂದಿತು. ಮುಂದಿನ ಸಾಲಿನಲ್ಲಿದ್ದ ನಂಜಪ್ಪ ಸದ್ದು ಮುಚ್ಚಲೆಂದು ಕೆಮ್ಮಿದರು. ಅಧಿಕಾರಿಗಳು ಮಗ್ಗುಲು ಬದಲಿಸಿದರು. 'ಕರಕರ'. ನಂಜಪ್ಪ ಕೆಮ್ಮಿದರು. ಮೂರನೆಯ ಸಲ ಕೆಮ್ಮಿದಾಗ ಯಾರೋ ನೀರು ತಂದುಕೊಟ್ಟರು. ಆಗ ರಾಮಾಂಜಿನಪ್ಪನವರ ಬಲಗೈ ನಿಧಾನವಾಗಿ ಕೆಳಗಿಳಿದು, ಬಿಳಿ ಬಟ್ಟೆಯ ಮೇಲಿಂದ ಹಾಸಿಗೆಯನ್ನು ಒತ್ತಿತು, ಬೆರಳುಗಳಿಂದ ಹಿಸುಕಿತು. ಮೂರು ವರ್ಷ ಸಾವಿರಾರು ಮೂಟೆಗಳನ್ನು ಹೊರಗಿನಿಂದ ಮುಟ್ಟಿ ಒಳಗಿನದ್ದು ಹೇಳಿದ ಕೈ ಅದು. ಅವರು ತಲೆ ಎತ್ತಿ ಸಭೆಯನ್ನು ಒಂದು ಸುತ್ತು ನೋಡಿದರು. ನೋಟ ನಂಜಪ್ಪನವರ ಮೇಲೆ ಬಂದು ನಿಂತಿತು. ನಂಜಪ್ಪನವರ ಕೈಯಲ್ಲಿದ್ದ ನೀರು ಪಂಚೆಯ ಮೇಲೆ ಚೆಲ್ಲಿತು.

ಚಕ್ರಪಾಣಿ 'ಅಕ್ಕಿಯ ಶತ್ರುಗಳು' ಆರಂಭಿಸಿ ಕಾಲು ಗಂಟೆಯಾಗಿತ್ತು. ಏನೋ ಹೇಳುತ್ತಿದ್ದವನು ನಡುವೆ ನಿಂತು, ಅಧಿಕಾರಿಗಳ ಹತ್ತಿರ ಬಗ್ಗಿ, ಅವರ ಕೋಟಿನ ತೋಳಿನಿಂದ ಇಕ್ಕಳದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದ.

"ಸಭಿಕರೇ, ನಮ್ಮ ಪುಣ್ಯ! ಇದೇ ಅಕ್ಕಿ ಹುಳ! ಮೂತಿ ನೋಡಿ, ಸೊಂಡಿಲಿನ ಹಾಗಿದೆ. ಇದು ಕಾಳಿನ ಒಳಗೇ ಹುಟ್ಟಿ, ಕಾಳನ್ನ ಕೊರೆದು ಈಚೆ ಬರುತ್ತೆ. ಇದು ಸಿಕ್ಕಿತು ಅಂದ್ರೆ ಕೈಯಳತೇಲಿ ಅಕ್ಕಿ ರಾಶಿ ಇದೆ ಅಂತಲೇ ಅರ್ಥ! ಸಾರ್, ಇದು ನಿಮ್ಮ ಮೈಮೇಲೆ ಹೇಗೆ ಬಂತು?"

ಹಿಂದಿನಿಂದ ಭಾಗೀರಥಮ್ಮನ ದನಿ ಬಂತು: "ನೋಡಿದ್ರಾ! ನಮಗೆಲ್ಲ ಜೋಳ, ಇವರ ಮನೇಲಿ ಅಕ್ಕಿ ರಾಶಿ!" ಸಭೆ ಗುಜುಗುಜು ಎಂದಿತು. "ಬೇಲೀನೇ ಹೊಲ ಮೇಯ್ತಿದೆ" ಎಂದು ಶೀನಣ್ಣ, ಕೇಳಿಸಲೆಂದೇ, ಮೆಲ್ಲಗೆ ಹೇಳಿದರು.

ರಾಮಾಂಜಿನಪ್ಪನವರ ಮುಖ ಕೆಂಪಾಯಿತು. ಒಂದು ಬೆರಳು ಕೆಳಕ್ಕೆ ತೋರಿಸಿದ್ದರೆ ಸಾಕಿತ್ತು. ನಂಜಪ್ಪ ಆ ಬೆರಳಿಗಾಗಿ ಕಣ್ಣು ಮುಚ್ಚಿ ಕಾದರು. ಮಗಳ ಮುಖ, ಬೀಗರ ಮುಖ, ಹೆಡ್ ಮಾಸ್ಟರ ಮುಖ ಎಲ್ಲ ಕಣ್ಣ ಮುಂದೆ ಬಂದವು.

"ದಿನಾ ಡಿಪೋ ಮೂಟೆಗಳ ಮಧ್ಯೆ ಓಡಾಡೋ ಮನುಷ್ಯ ನಾನು" ಎಂದರು ರಾಮಾಂಜಿನಪ್ಪ. "ನನ್ನ ಜೊತೇನೇ ಬಂದಿರಬೇಕು. ಮುಂದುವರಿಸಿ."

ಯಾರೂ ನಂಬಲಿಲ್ಲ. ವೀಣೆ ಮುಗಿಯುವವರೆಗೂ ಜನ ಆ ಕೋಟನ್ನೇ ನೋಡುತ್ತಾ ಪಿಸುಗುಟ್ಟಿದರು. ಅವರು ಕದಲದೆ ಕೂತಿದ್ದರು. ನಂಜಪ್ಪನವರಿಗೆ ನಾಚಿಕೆಯಾಯಿತು, ಅಳು ಬರುವಷ್ಟು ನಾಚಿಕೆಯಾಯಿತು. ಆದರೆ ಎದ್ದು ನಿಂತು "ನಂದು" ಎನ್ನುವ ಧೈರ್ಯ ಬರಲಿಲ್ಲ. ಮನೆಗೆ ಬಂದು, "ಯಾಕೆ ಬಿಟ್ಟ? ಇದರಲ್ಲೇನೋ ಇದೆ" ಎಂದು ಹೆಂಡತಿಯ ಹತ್ತಿರ ಹೇಳಿದರು.

ಬೆಳಿಗ್ಗೆ ಹಾಸಿಗೆಗಳು ವಾಪಸ್ ಬಂದವು. ಹಿಂದೆಯೇ ರಾಮಾಂಜಿನಪ್ಪನವರೂ ಬಂದರು, ಒಬ್ಬರೇ. ಬಾಗಿಲು ತಾವೇ ಮುಂದೆ ಮಾಡಿದರು. ನಂಜಪ್ಪ ಕೈ ಮುಗಿದು ನಿಂತರು.

"ಸಣ್ಣಕ್ಕಿ ಅಲ್ವಾ ಮೇಷ್ಟ್ರೇ?"

"ಹೌದು ಸ್ವಾಮಿ."

"ಎಷ್ಟಿದೆ?"

"ಒಂದೊಂದರಲ್ಲಿ ಅರವತ್ತು ಸೇರು. ಒಬ್ಬಳೇ ಮಗಳು ಸ್ವಾಮಿ..."

"ನಾನೇನೂ ವಿಚಾರಣೆಗೆ ಬಂದಿಲ್ಲ." ಅವರು ಚಾಪೆಯ ಮೇಲೆ ಕೂತು ಪೇಟ ತೆಗೆದು ಪಕ್ಕಕ್ಕಿಟ್ಟರು. "ನೋಡಿ, ಈ ಕೆಲಸಕ್ಕೆ ಬರೋಕೆ ಮುಂಚೆ ನನ್ನನ್ನ ವರ್ಷಕ್ಕೆ ನಲವತ್ತು ಮದುವೆಗೆ ಕರೀತಿದ್ರು. ಈ ಮೂರು ವರ್ಷದಲ್ಲಿ ಒಬ್ಬ ಕರೆದಿಲ್ಲ. ಹೋದ ವರ್ಷ ನಮ್ಮ ಸ್ವಂತ ಅಣ್ಣನ ಮಗಳ ಮದುವೆ. ಮದುವೆ ಆದ ಮೂರನೇ ದಿನ ಎರಡು ಬಾಳೆಹಣ್ಣು ಕಳಿಸಿದ್ರು, ಮರೆತೋಯ್ತು ಅಂತ. ನನ್ನ ಹೆಂಡತಿ ಆ ಹಣ್ಣು ಇಟ್ಕೊಂಡು ಎಷ್ಟತ್ತಳು ಗೊತ್ತಾ? ನಿನ್ನೆ ಆ ಹಾಸಿಗೆ ಮೇಲೆ ಕೂತಾಗ ಅನ್ನಿಸ್ತು, ಇದೊಂದು ಮದುವೆಗಾದ್ರೂ ಹೋಗೋಣ ಅಂತ. ಕರೀತೀರಾ?"

ನಂಜಪ್ಪ ಆ ಮುಖವನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದರು. ಇಪ್ಪತ್ತೆರಡು ವರ್ಷದ ಅಭ್ಯಾಸ, ಬಿಡುವುದೆಂತು? "ಬರೀ ಊಟಕ್ಕಾ?" ಎಂದರು.

"ಥೂ, ನಿಮ್ಮ!" ಎಂದು ಶೈಲಜಮ್ಮ ಒಳಗಿನಿಂದ ಬಂದು, ಅರಿಸಿನ ಹಚ್ಚಿದ ಲಗ್ನಪತ್ರಿಕೆಯನ್ನು ತಟ್ಟೆಯಲ್ಲಿಟ್ಟು ಕೊಟ್ಟರು. "ಅಮ್ಮಾವರನ್ನೂ ಕರ್ಕೊಂಡು ಬರಬೇಕು. ಹಿಂದಿನ ದಿನವೇ ಬನ್ನಿ."

ಮದುವೆಯ ದಿನ ಬೀದಿಗೆ ಚಪ್ಪರ. ಧಾರೆ ಮುಗಿದು ಮೊದಲ ಪಂಕ್ತಿ ಕೂತಿತ್ತು. ಕಟ್ಟಳೆಗಿಂತ ಎಷ್ಟು ಜಾಸ್ತಿ ಎಂದು ಹೇಳುವುದು ಬೇಡ. ಎಲೆಯ ತುದಿಗೆ ಉಪ್ಪಿನಕಾಯಿ ಬಿದ್ದಿತ್ತು, ಅನ್ನ ಇನ್ನೂ ಬಂದಿರಲಿಲ್ಲ. ಆಗ ಬೀದಿಯ ಆ ತುದಿಯಲ್ಲಿ ಜರಿಪೇಟ ಕಾಣಿಸಿತು. ಪಕ್ಕದಲ್ಲಿ ಹೊಸ ಸೀರೆಯುಟ್ಟ ಹೆಂಗಸು.

"ರೇಷನ್ನು!" ಎಂದರು ಶೀನಣ್ಣ.

ಅಷ್ಟೇ. ಅವರನ್ನು ಕರೆದ ವಿಷಯ ಗಂಡ ಹೆಂಡತಿ ಯಾರಿಗೂ ಹೇಳಿರಲಿಲ್ಲ. ಪಂಕ್ತಿಗೆ ಪಂಕ್ತಿಯೇ ಎದ್ದಿತು. ವೃಷಭೇಂದ್ರಪ್ಪ ಹಿತ್ತಲ ಗೋಡೆ ಹಾರಿದ, ಹೆಗಲ ಮೇಲಿನ ವಲ್ಲಿ ದಾಸವಾಳದ ಗಿಡಕ್ಕೆ ಸಿಕ್ಕಿಕೊಂಡಿತು. ತುಮಕೂರಿನವರು ಅಡುಗೆಮನೆಗೆ ನುಗ್ಗಿದರು. ಬೀಗರು, "ಏನ್ರೀ ಮೇಷ್ಟ್ರೇ, ಎಲೆ ಮುಂದಿಂದ ಎಬ್ಬಿಸಿಬಿಟ್ರಲ್ಲ!" ಎನ್ನುತ್ತಾ ಕಂಬದ ಹಿಂದೆ ಸರಿದರು. ಅರ್ಧ ನಿಮಿಷದಲ್ಲಿ ಚಪ್ಪರದ ತುಂಬ ಬರೀ ಎಲೆಗಳು. ಬಾಗಿಲಲ್ಲಿ ನಿಂತ ರಾಮಾಂಜಿನಪ್ಪನವರ ನಗು ಹಾಗೇ ಮುಖದ ಮೇಲೆ ಉಳಿದು ಒಣಗಿತು. ಹೆಂಡತಿ ಅವರ ಕೋಟಿನ ತುದಿ ಹಿಡಿದು, "ಹೋಗೋಣ ಬನ್ನಿ" ಎಂದರು.

ನಂಜಪ್ಪ ಒಂದು ಸಲ ಬೀಗರಿದ್ದ ಕಂಬ ನೋಡಿದರು, ಒಂದು ಸಲ ಬಾಗಿಲು ನೋಡಿದರು. ಆಮೇಲೆ ಓಡಿಹೋಗಿ ಅಧಿಕಾರಿಗಳ ಕೈ ಹಿಡಿದು, ಎಳೆದುಕೊಂಡು ಬಂದು, ಬೀಗರು ಬಿಟ್ಟೆದ್ದ ಎಲೆಯ ಪಕ್ಕದಲ್ಲೇ ಹೊಸ ಎಲೆ ಹಾಕಿ ಕೂರಿಸಿದರು. ಆಕೆಯನ್ನು ಶೈಲಜಮ್ಮ ಕೂರಿಸಿದರು. ಬಡಿಸುವವರು ಯಾರೂ ಇರಲಿಲ್ಲ. ನಂಜಪ್ಪನವರೇ ಅಡುಗೆಮನೆಯಿಂದ ಅನ್ನದ ಪಾತ್ರೆ ಹೊತ್ತು ತಂದರು. ಹಬೆಯಾಡುವ ಸಣ್ಣಕ್ಕಿ ಅನ್ನ, ಮೇಲೆ ತುಪ್ಪ, ಸಾರು. ರಾಮಾಂಜಿನಪ್ಪ ತಲೆ ಎತ್ತದೆ ಉಂಡರು. ಅನ್ನ ಮುಗಿಯಿತು.

"ಇನ್ನೊಂಚೂರು?" ಎಂದು ನಂಜಪ್ಪ ಬಗ್ಗಿದರು.

ಈಗ ಅತಿಥಿ ಎಲೆಗೆ ಎರಡೂ ಕೈ ಅಡ್ಡ ಹಿಡಿದು "ಸಾಕು, ಸಾಕು" ಎನ್ನಬೇಕು. ಹಾಗೆ ಅನ್ನದವನನ್ನು ನಾನು ಚಾಮರಾಜಪೇಟೆಯಲ್ಲಿ ಕಂಡಿಲ್ಲ. ರಾಮಾಂಜಿನಪ್ಪ ಕೈ ಅಡ್ಡ ತರಲಿಲ್ಲ. ಎಲೆಯನ್ನು ಒಂದಿಷ್ಟು ಮುಂದಕ್ಕೆ ತಳ್ಳಿದರು.

"ಹಾಕಿ ಮೇಷ್ಟ್ರೇ" ಎಂದರು ಮೆಲ್ಲಗೆ. "ಯಾರೂ ನೋಡ್ತಿಲ್ಲ."

ಕಂಬದ ಹಿಂದಿನಿಂದ, ಅಡುಗೆಮನೆಯ ಬಾಗಿಲಿನಿಂದ, ಹಿತ್ತಲ ಗೋಡೆಯ ಮೇಲಿನಿಂದ ನೂರು ಜನ ನೋಡುತ್ತಿದ್ದರು. ನಂಜಪ್ಪ ಹಾಕಿದರು.